ಚಕ್ಕಿನಿಂದ ಜಾಬ್ ಬಿಚ್ಚದೆ: ಮನೆಯ ಲೇತಿಗೊಂದು ಡ್ರಿಲ್ಲಿಂಗ್ ಸ್ಪಿಂಡಲ್

(ಹವ್ಯಾಸಿ ಯಂತ್ರಕುಶಲಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಐವತ್ತು ಮಿ.ಮೀ. ವ್ಯಾಸದ ಹಿತ್ತಾಳೆಯ ಮುಚ್ಚಳವೊಂದನ್ನು ಲೇತಿನಲ್ಲಿ, ಅಂದರೆ ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರದಲ್ಲಿ, ಕಡೆದಿದ್ದೀರಿ ಎಂದುಕೊಳ್ಳಿ. ಅದರ ಮುಖದ ಮೇಲೆ 40 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ಬೋಲ್ಟ್ ರಂಧ್ರಗಳು ಬೇಕು. ನಮ್ಮಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಗೊತ್ತೇ ಇದೆ: ಜಾಬನ್ನು (ಕಡೆಯುತ್ತಿರುವ ತುಂಡನ್ನು) ಅದನ್ನು ದವಡೆಗಳಿಂದ ಹಿಡಿದಿರುವ ಚಕ್ಕಿನಿಂದ ಬಿಚ್ಚುತ್ತೇವೆ, ಕೈವಾರದಿಂದ ವೃತ್ತ ಗೀರುತ್ತೇವೆ, ಸೆಂಟರ್ ಪಂಚ್ ಹೊಡೆಯುತ್ತೇವೆ, ಡ್ರಿಲ್ಲಿಂಗ್ ಮೆಷಿನ್ ಮೇಲಿಟ್ಟು ಕೊರೆಯುತ್ತೇವೆ. ಗೀರಿನಲ್ಲಿ ಕೂದಲೆಳೆಯಷ್ಟು, ಪಂಚಿನಲ್ಲಿ ಇನ್ನೊಂದಿಷ್ಟು, ಡ್ರಿಲ್ ಬಿಟ್ಟು ಲೋಹಕ್ಕಿಳಿಯುವಾಗ ಜಾರಿದ್ದು ಮತ್ತೊಂದಿಷ್ಟು ಸೇರಿ, ಕೊನೆಗೆ ಆರರಲ್ಲಿ ನಾಲ್ಕು ಬೋಲ್ಟುಗಳು ಸಲೀಸಾಗಿ ಇಳಿದು ಎರಡು ಹಟ ಹಿಡಿಯುತ್ತವೆ. ಆಗ ನಾವು ರಂಧ್ರಗಳನ್ನು ದೊಡ್ಡದು ಮಾಡಿ ಸಮಾಧಾನಪಟ್ಟುಕೊಳ್ಳುತ್ತೇವೆ.

ಜಾಬ್ ಚಕ್ಕಿನಲ್ಲಿ ಇರುವಷ್ಟು ಹೊತ್ತು ಅದರ ಅಕ್ಷ ಎಲ್ಲಿದೆ ಎಂಬುದು ಲೇತಿಗೆ ಗೊತ್ತಿರುತ್ತದೆ. ಬಿಚ್ಚಿದ ಕ್ಷಣದಲ್ಲಿ ಆ ಸಂಬಂಧ ಕಡಿದುಹೋಗುತ್ತದೆ. ಮತ್ತೆ ಹುಡುಕಿಕೊಳ್ಳಲು ನಾವು ಪಡುವ ಪಾಡೆಲ್ಲ ಅದರ ಫಲ. ಜಾಬನ್ನು ಅಲ್ಲಿಯೇ ನಿಲ್ಲಿಸಿ, ಲೇತಿನ ಸ್ಪಿಂಡಲನ್ನು (ಚಕ್ಕನ್ನು ಹೊತ್ತು ತಿರುಗುವ ದಂಡವನ್ನು) ಬೇಕಾದ ಕೋನದಲ್ಲಿ ಬಿಗಿದು, ಅಕ್ಷಕ್ಕೆ ಅಡ್ಡಲಾಗಿ ಜಾರುವ ಕ್ರಾಸ್ ಸ್ಲೈಡಿನ ಮೇಲೆ ಕೂತ ಇನ್ನೊಂದು ಪುಟ್ಟ ಸ್ಪಿಂಡಲ್ ತನ್ನದೇ ಮೋಟಾರಿನಿಂದ ತಿರುಗಿ ರಂಧ್ರ ಕೊರೆಯುವಂತಾದರೆ, ಗೀರೂ ಬೇಡ, ಪಂಚೂ ಬೇಡ. ತ್ರಿಜ್ಯವನ್ನು ಕ್ರಾಸ್ ಸ್ಲೈಡಿನ ಡಯಲ್ ಕೊಡುತ್ತದೆ, ಕೋನವನ್ನು ಹಲ್ಲುಚಕ್ರ ಕೊಡುತ್ತದೆ. ಇಂದು ನಾನು ಹೇಳಹೊರಟಿರುವುದು ಆ ಪುಟ್ಟ ಸ್ಪಿಂಡಲನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆ. ಅದನ್ನು ನಿಖರವಾಗಿ ಮಾಡಲು ಬೇಕಾದ ಯಂತ್ರ ನಿಮ್ಮಲ್ಲಿ ಈಗಾಗಲೇ ಇದೆ. ಅದು ನಿಮ್ಮ ಲೇತೇ.

ಈ ಉಪಾಯ ಹೊಸದಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಅಲಂಕಾರಿಕ ಕಡೆತಕ್ಕೆಂದೇ ಲೇತುಗಳನ್ನು ಕಟ್ಟಲು ತೊಡಗಿದ ಹೋಲ್ಟ್ಜಾಪ್ಫೆಲ್ ಮನೆತನದ ಯಂತ್ರಗಳಲ್ಲಿ, ಕಾಲಿನಿಂದ ತುಳಿಯುವ ಚಕ್ರದ ಚಲನೆಯನ್ನು ತಲೆಯ ಮೇಲಿನ ರಾಟೆಗಳಿಗೆ ಒಯ್ದು, ಅಲ್ಲಿಂದ ಹುರಿಯ ಮೂಲಕ ಸ್ಲೈಡಿನ ಮೇಲಿನ ಕೊರೆಯುವ ಸ್ಪಿಂಡಲಿಗೆ ಇಳಿಸುತ್ತಿದ್ದರು. ದಂತ ಮತ್ತು ಗಟ್ಟಿ ಮರದ ಮೇಲೆ ಅವರು ಬಿಡಿಸಿದ ಚಿತ್ತಾರಗಳು ಹಾಗೆ ಹುಟ್ಟಿದವು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಮನೆಯ ವರ್ಕ್‌ಶಾಪಿನವರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿದ ಮೇಲೆ ಬ್ರಿಟನ್ನಿನಲ್ಲಿ ಈ ಹವ್ಯಾಸ ದೊಡ್ಡದಾಗಿ ಬೆಳೆಯಿತು. ಸಣ್ಣ ಲೇತಿಗೆ ಹೊಂದುವ ಡ್ರಿಲ್ಲಿಂಗ್ ಸ್ಪಿಂಡಲ್ ಅಲ್ಲಿನ ಹವ್ಯಾಸಿಗಳ ಪ್ರೀತಿಯ ಉಪಕರಣಗಳಲ್ಲಿ ಒಂದಾಯಿತು. ನಮ್ಮಲ್ಲಿ ಹವ್ಯಾಸದ ಪರಂಪರೆ ತೆಳುವಾದರೂ ಕೌಶಲದ ಪರಂಪರೆ ಹಾಗಿಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾಗಿ ಲೇತ್ ಕಟ್ಟಲು ತೊಡಗಿದಂದಿನಿಂದ, ಬೇರಿಂಗಿನ ಆಸನವನ್ನು ಮೈಕ್ರಾನ್ ಲೆಕ್ಕದಲ್ಲಿ ಕಡೆಯಬಲ್ಲ ಕೈಗಳು ಈ ಊರಿನ ಬೀದಿಬೀದಿಯಲ್ಲಿವೆ. ಅಂಥ ಹಿರಿಯರು ನಿಮ್ಮ ನೆರೆಹೊರೆಯಲ್ಲಿದ್ದರೆ, ಸ್ಪಿಂಡಲ್ ಕೆಲಸಕ್ಕೆ ಕೈಹಚ್ಚುವ ಮೊದಲು ಅವರೊಡನೆ ಒಂದು ಸಂಜೆ ಕೂತು ಮಾತನಾಡಿ ಎಂದು ಮನಸಾರೆ ಹೇಳುತ್ತೇನೆ.

ಈಗ ವಿನ್ಯಾಸಕ್ಕೆ ಬರೋಣ. ಶಾಫ್ಟನ್ನು ಮೊದಲಿನಿಂದ ಕಡೆಯುವ ಅಗತ್ಯವಿಲ್ಲ. 12 ಮಿ.ಮೀ. ನೇರ ದಂಡದ ಇಆರ್-11 ಕಾಲೆಟ್ ಹೋಲ್ಡರ್ (ಕಾಲೆಟ್ ಎಂದರೆ ಬಿಟ್ಟನ್ನು ಸುತ್ತಲಿಂದ ಒತ್ತಿ ಹಿಡಿಯುವ ಸೀಳುಬಳೆ) ಇಂದು ಅಗ್ಗವಾಗಿ, ಸುಲಭವಾಗಿ ಸಿಗುತ್ತದೆ; ಅದರ ದಂಡವೇ ನಮ್ಮ ಶಾಫ್ಟ್. ಅದರ ದಂಡವನ್ನು ಗ್ರೈಂಡ್ ಮಾಡಿರುತ್ತಾರೆ, ಕಾಲೆಟ್ ಕೂರುವ ಶಂಕುವನ್ನೂ ಗ್ರೈಂಡ್ ಮಾಡಿರುತ್ತಾರೆ, ಮತ್ತು ಇಆರ್-11 ಕಾಲೆಟುಗಳು 7 ಮಿ.ಮೀ.ವರೆಗಿನ ಬಿಟ್ಟುಗಳನ್ನು ಹಿಡಿಯುತ್ತವೆ. ಸಣ್ಣ ಡ್ರಿಲ್ ಚಕ್ ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ಹಾಕಬಹುದು, ಆದರೆ ಚಕ್ ಉದ್ದ ಹೆಚ್ಚು, ತೂಕ ಹೆಚ್ಚು, ಬಿಟ್ಟಿನ ತುದಿ ಬೇರಿಂಗಿನಿಂದ ಅಷ್ಟೂ ದೂರ ಹೋಗುತ್ತದೆ. ಬೇರಿಂಗಿನಿಂದಾಚೆ ಚಾಚಿದ ಪ್ರತಿ ಮಿಲಿಮೀಟರೂ ಅಲುಗಾಟವನ್ನು ಹೆಚ್ಚಿಸುತ್ತದೆ. ನನ್ನ ಆಯ್ಕೆ ಕಾಲೆಟ್ಟೇ.

ಹನ್ನೆರಡು ಮಿ.ಮೀ. ಶಾಫ್ಟಿಗೆ ಎರಡು ಬೇರಿಂಗುಗಳು ಸಹಜವಾಗಿ ಹೊಂದುತ್ತವೆ: ಸಾಮಾನ್ಯ ಬಾಲ್ ಬೇರಿಂಗ್ 6201 ಮತ್ತು ಅಕ್ಷದುದ್ದದ ಒತ್ತಡವನ್ನು ಒಂದು ದಿಕ್ಕಿನಲ್ಲಿ ಹೊರುವ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ 7201. ಎರಡರ ಅಳತೆಯೂ ಒಂದೇ: ಒಳವ್ಯಾಸ 12, ಹೊರವ್ಯಾಸ 32, ಅಗಲ 10 ಮಿ.ಮೀ. ಹಾಗಾಗಿ ಮೊದಲು 6201 ಹಾಕಿ ನಡೆಸಿ, ಮುಂದೆ ಬೇಕೆನಿಸಿದರೆ 7201ಕ್ಕೆ ಬದಲಿಸಬಹುದು; ಬೇರಿಂಗುಗಳು ಕೂರುವ ಬಾಡಿಯನ್ನು ಮುಟ್ಟಬೇಕಾಗಿಲ್ಲ.

ಬಾಡಿಯನ್ನು 50 ಮಿ.ಮೀ.ಯ ಮೈಲ್ಡ್ ಸ್ಟೀಲ್ ದುಂಡುಕಂಬಿಯಿಂದ ಕಡೆಯಿರಿ. ಮುಗಿದ ಹೊರವ್ಯಾಸ 45, ಉದ್ದ ಸುಮಾರು 90 ಮಿ.ಮೀ. ಅಲ್ಯೂಮಿನಿಯಂ ಹಗುರ, ಕಡೆಯಲೂ ಸುಲಭ ಎಂಬ ಆಸೆ ಬೇಡ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಅರ್ಧ ಗಂಟೆ ಓಡಿದ ಮೇಲೆ ಬೇರಿಂಗ್ ತನ್ನ ಆಸನದಲ್ಲಿ ಸಡಿಲವಾಗುತ್ತದೆ.

ಎರಡು ಬೇರಿಂಗುಗಳ ಆಸನಗಳು ಒಂದೇ ಅಕ್ಷದಲ್ಲಿ ಇರಲೇಬೇಕು. ಸಾಮಾನ್ಯ ಚಿತ್ರಗಳಲ್ಲಿ ಬಾಡಿಯ ನಡುವೆ ದಪ್ಪವಾದ ಭಾಗ (ಹೆಗಲು) ಉಳಿಸಿ, ಎರಡು ಕಡೆಯಿಂದಲೂ ಒಂದೊಂದು ಆಸನ ಕೊರೆದಿರುತ್ತಾರೆ. ಹಾಗೆ ಮಾಡಿದರೆ ಜಾಬನ್ನು ತಿರುಗಿಸಿ ಮತ್ತೆ ಚಕ್ಕಿಗೆ ಹಾಕಬೇಕಾಗುತ್ತದೆ, ಮತ್ತು ಮೂರು ದವಡೆಯ ಚಕ್ ಎರಡನೇ ಬಾರಿಗೆ ಅದೇ ಅಕ್ಷವನ್ನು ಕೊಡುವುದಿಲ್ಲ. ಇದಕ್ಕೆ ಪರಿಹಾರ, ಬಾಡಿಯ ಈ ತುದಿಯಿಂದ ಆ ತುದಿಯವರೆಗೆ 32 ಮಿ.ಮೀ.ಯ ನೇರ ರಂಧ್ರವನ್ನು ಒಂದೇ ಹಿಡಿತದಲ್ಲಿ ಬೋರ್ ಮಾಡುವುದು, ಅಂದರೆ ಒಳಗಿನಿಂದ ಕಡೆದು ಅಗಲಿಸುವುದು. ಹೊರಮೈಯ ಕೊನೆಯ ಕಟ್ ಕೂಡ ಅದೇ ಹಿಡಿತದಲ್ಲಿ ಆಗಲಿ, ಆಮೇಲೆಯೇ ಕತ್ತರಿಸಿ ಬೇರ್ಪಡಿಸಿ. ನಡುವಿನ ಹೆಗಲಿನ ಬದಲಿಗೆ ಹೊರವ್ಯಾಸ 32, ಒಳವ್ಯಾಸ 26 ಮಿ.ಮೀ.ಯ ಪ್ರತ್ಯೇಕ ಕೊಳವೆಯೊಂದನ್ನು ಕಡೆದು, ಬೇರಿಂಗ್ ಹಿಡಿಸುವ ಅಂಟು ಸವರಿ, ರಂಧ್ರದೊಳಗೆ ನೂಕಿ ನಿಲ್ಲಿಸಿ. ಕೊಳವೆಯ ಎರಡೂ ಮುಖಗಳು ಅದರ ಹೊರಮೈಗೆ ಲಂಬವಾಗಿರಬೇಕು. ಆ ಎಚ್ಚರ ಒಂದಿದ್ದರೆ ಸಾಕು.

ಆಸನದ ಅಳತೆಗೆ ಎಚ್-7 ಎಂಬ ಪ್ರಮಾಣಿತ ಹೊಂದಿಕೆ ಸೂಕ್ತ, 32 ಮಿ.ಮೀ. ರಂಧ್ರಕ್ಕೆ ಅದು ಸೊನ್ನೆಯಿಂದ 0.025 ಮಿ.ಮೀ.ವರೆಗೆ ಹೆಚ್ಚುವರಿ ಬಿಡುತ್ತದೆ. ಇಲ್ಲಿ ಆತುರಪಟ್ಟವರು ಕೆಡುತ್ತಾರೆ. ಒರಟು ಕಟ್ಟುಗಳಿಂದ ಬಾಡಿ ಬೆಚ್ಚಗಾಗಿರುತ್ತದೆ. ಕೋಣೆಯ ಉಷ್ಣತೆಗಿಂತ 20 ಡಿಗ್ರಿ ಹೆಚ್ಚಿದ್ದರೆ 32 ಮಿ.ಮೀ. ವ್ಯಾಸ ಸುಮಾರು 0.007 ಮಿ.ಮೀ. ಹಿಗ್ಗಿರುತ್ತದೆ. ಆಗ ಅಳೆದು ಸರಿಯಿದೆ ಎಂದುಕೊಂಡದ್ದು ತಣ್ಣಗಾದ ಮೇಲೆ ಬಿಗಿಯಾಗುತ್ತದೆ. ಕೊನೆಯ ಎರಡು ಕಟ್ಟುಗಳಿಗೆ ಮುನ್ನ ಜಾಬನ್ನು ಚಕ್ಕಿನಲ್ಲೇ ಬಿಟ್ಟು ತಣಿಯಲು ಬಿಡಿ. ಅನಂತರ ಟೂಲನ್ನು ಮುಂದೊತ್ತದೆ ಅದೇ ಅಳತೆಯಲ್ಲಿ ಒಂದೆರಡು ಬಾರಿ ಹಾಯಿಸಿ. ಬೋರಿಂಗ್ ಬಾರ್ ಬಾಗಿ ಉಳಿಸಿದ್ದ ಲೋಹ ಆಗ ಹೊರಬರುತ್ತದೆ. ಎಣ್ಣೆ ಸವರಿದ ಬೇರಿಂಗ್ ಬೆರಳಿನ ಒತ್ತಡಕ್ಕೆ ನಿಧಾನವಾಗಿ, ಅಲುಗದೆ ಜಾರಿ ಒಳಹೋದರೆ ಆಸನ ಸರಿಯಾಗಿದೆ.

ಇನ್ನು ಜೋಡಣೆ. ಕೊರೆಯುವಾಗ ಬಿಟ್ಟಿನ ಮೇಲೆ ಬೀಳುವ ಒತ್ತಡ ಶಾಫ್ಟನ್ನು ಹಿಂದಕ್ಕೆ ನೂಕುತ್ತದೆ. ಆ ಒತ್ತಡ ಶಾಫ್ಟಿನ ಹೆಗಲಿನಿಂದ ಮುಂದಿನ ಬೇರಿಂಗಿನ ಒಳಬಳೆಗೆ, ಗುಂಡುಗಳ ಮೂಲಕ ಹೊರಬಳೆಗೆ, ಅಲ್ಲಿಂದ ನಾವು ಅಂಟಿಸಿದ ಕೊಳವೆಗೆ ಹೋಗಬೇಕು. ದಾರಿಯಲ್ಲಿ ಎಲ್ಲಿಯೂ ಸ್ಪ್ರಿಂಗ್ ಇರಕೂಡದು. ಸ್ಪ್ರಿಂಗಿನ ಜಾಗ ಹಿಂದಿನ ಬೇರಿಂಗಿನ ಬಳಿ: ಕೊಳವೆಯ ಹಿಂಬದಿಗೂ ಹಿಂದಿನ ಬೇರಿಂಗಿನ ಹೊರಬಳೆಗೂ ನಡುವೆ ಅಲೆಯಾಕಾರದ ವಾಷರ್ ಸ್ಪ್ರಿಂಗ್ ಕೂರಿಸಿ. ಅದು ಹೊರಬಳೆಯನ್ನು ಹಿಂದಕ್ಕೆ ಒತ್ತುತ್ತದೆ, ಹಿಂದಿನ ಒಳಬಳೆ ಶಾಫ್ಟಿಗೆ ಬಿಗಿದ ಉಂಗುರವನ್ನು ಒತ್ತುತ್ತದೆ, ಹಾಗಾಗಿ ಇಡೀ ಶಾಫ್ಟ್ ಹಿಂದಕ್ಕೆ ಸೆಳೆಯಲ್ಪಟ್ಟು ಮುಂದಿನ ಬೇರಿಂಗ್ ಯಾವಾಗಲೂ ಬಿಗುವಿನಲ್ಲಿರುತ್ತದೆ. 7201 ಬಳಸುವವರು ಬೇರಿಂಗಿನ ದಿಕ್ಕನ್ನು ಈ ಒತ್ತಡದ ದಾರಿಗೆ ಹೊಂದಿಸಿ ಕೂರಿಸಬೇಕು; ತಿರುಗುಮುರುಗಾದರೆ ಅದು ಒತ್ತಡವನ್ನು ಹೊರುವುದಿಲ್ಲ. ಈ ಗಾತ್ರದ ಬೇರಿಂಗಿಗೆ 60ರಿಂದ 120 ನ್ಯೂಟನ್, ಅಂದರೆ ಹೆಚ್ಚುಕಡಿಮೆ 6ರಿಂದ 12 ಕಿಲೋ ಭಾರದಷ್ಟು ಒತ್ತು ಸಾಕು. ನಾನು ಮೇಲಿನ ಅಂಚಿಗೆ ಹತ್ತಿರವಿಡುತ್ತೇನೆ. ರಂಧ್ರ ಆಚೆಬದಿಗೆ ತೂರುವ ಗಳಿಗೆಯಲ್ಲಿ, ಮುಖ್ಯವಾಗಿ ಹಿತ್ತಾಳೆಯಲ್ಲಿ, ಬಿಟ್ಟು ಸ್ಕ್ರೂವಿನಂತೆ ಲೋಹವನ್ನು ಕಚ್ಚಿ ಶಾಫ್ಟನ್ನು ಮುಂದಕ್ಕೆ ಎಳೆಯುತ್ತದೆ. ಸ್ಪ್ರಿಂಗ್ ಸೋತರೆ ಶಾಫ್ಟ್ ಮುಂದೆ ಜಿಗಿದು ಬಿಟ್ಟು ಮುರಿಯುತ್ತದೆ.

ಕಾಲೆಟ್ ಹೋಲ್ಡರಿನ ಹೆಗಲು ದಂಡಕ್ಕೆ ಸರಿಯಾಗಿ ಲಂಬವಾಗಿರುತ್ತದೆಂದು ನಂಬಬೇಡಿ. ಬೇರಿಂಗಿಗೂ ಹೆಗಲಿಗೂ ನಡುವೆ ಒಂದೇ ಹಿಡಿತದಲ್ಲಿ ಮುಖ ಮಾಡಿ ಬೋರ್ ಮಾಡಿದ ಉಂಗುರವನ್ನು ಇಡಿ. ದಂಡವನ್ನು ಗಟ್ಟಿಗೊಳಿಸಿರುವುದರಿಂದ ಬಾಲದಲ್ಲಿ ತ್ರೆಡ್ ಕೊರೆಯುವ ಪ್ರಯತ್ನವೂ ಬೇಡ. ಸೀಳಿದ ಉಂಗುರವನ್ನು ಅಲೆನ್ ಸ್ಕ್ರೂವಿನಿಂದ ಬಿಗಿದರೆ ಕೆಲಸ ನಡೆಯುತ್ತದೆ.

ಇಷ್ಟು ಹೊತ್ತು ಹೇಳಿದ್ದು ಸ್ಪಿಂಡಲಿನ ಬಗ್ಗೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದನ್ನು ಹಿಡಿಯುವ ಪೀಠ. ಸ್ಪಿಂಡಲಿನ ಅಕ್ಷ ಲೇತಿನ ಅಕ್ಷದ ಎತ್ತರದಲ್ಲೇ ಇರಬೇಕು. ಅದು 0.1 ಮಿ.ಮೀ. ಕೆಳಗಿದ್ದರೆ, ಶಾಫ್ಟಿಗೆ ಅಡ್ಡಲಾಗಿ ಕೊರೆದ ಪಿನ್ ರಂಧ್ರವೂ ಅಕ್ಷದಿಂದ ಅಷ್ಟೇ ಸರಿದಿರುತ್ತದೆ. 20 ಮಿ.ಮೀ. ಶಾಫ್ಟಿನಲ್ಲಿ ಅದು ಕಾಣದೆ ಹೋಗಬಹುದು; ಗಡಿಯಾರದ 4 ಮಿ.ಮೀ. ಅಚ್ಚಿನಲ್ಲಿ ಕಣ್ಣಿಗೇ ಹೊಡೆಯುತ್ತದೆ. ಈ ಎತ್ತರವನ್ನು ಅಳೆದು, ತಗಡು ತುಂಡುಗಳನ್ನಿಟ್ಟು ಸರಿಪಡಿಸುವ ತಾಪತ್ರಯ ಏಕೆ? ಪೀಠವನ್ನು ಲೇತಿನ ಮೇಲೆಯೇ ಬಿಗಿದು, ಲೇತಿನಿಂದಲೇ ಅದರ ರಂಧ್ರವನ್ನು ಬೋರ್ ಮಾಡಿಸಿದರೆ, ಎತ್ತರ ತಾನಾಗಿ ಬರುತ್ತದೆ.

ಮಾಡುವ ಕ್ರಮ ಹೀಗೆ. ಬೀಡು ಕಬ್ಬಿಣದ ಚೌಕ ದಿಮ್ಮಿಯೊಂದನ್ನು ತೆಗೆದುಕೊಂಡು ತಳವನ್ನು ಚಪ್ಪಟೆಯಾಗಿ, ಕ್ರಾಸ್ ಸ್ಲೈಡಿನ ಮೇಲೆ ಚೂರೂ ತೊನೆಯದಂತೆ ಸಿದ್ಧಪಡಿಸಿ. ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು ಸುಮಾರು 40 ಮಿ.ಮೀ.ಯ ಒರಟು ರಂಧ್ರ ಮಾಡಿಕೊಳ್ಳಿ. ಈಗ ಕ್ರಾಸ್ ಸ್ಲೈಡಿನ ಮೇಲಿರುವ ಟಾಪ್ ಸ್ಲೈಡನ್ನು ತೆಗೆದು ದಿಮ್ಮಿಯನ್ನು ಕ್ರಾಸ್ ಸ್ಲೈಡಿಗೆ ಬೋಲ್ಟ್ ಮಾಡಿ, ರಂಧ್ರದೊಳಗೆ 25 ಮಿ.ಮೀ. ದಪ್ಪದ ಬೋರಿಂಗ್ ಬಾರನ್ನು ತೂರಿಸಿ ಎರಡು ಸೆಂಟರುಗಳ (ಬಾರಿನ ತುದಿಗಳನ್ನು ಹಿಡಿಯುವ ಮೊನೆಗಳ) ನಡುವೆ ನಿಲ್ಲಿಸಿ, ಬಾರಿನ ಅಡ್ಡ ರಂಧ್ರದಲ್ಲಿ ಟೂಲ್ ಬಿಟ್ ಕೂರಿಸಿ. ಬಾರ್ ತಿರುಗುತ್ತದೆ, ಕ್ರಾಸ್ ಸ್ಲೈಡಿನಡಿ ಲೇತಿನ ಉದ್ದಕ್ಕೂ ಜಾರುವ ಕ್ಯಾರೇಜ್ ದಿಮ್ಮಿಯನ್ನು ಹೊತ್ತು ಚಲಿಸುತ್ತದೆ. ಬಿಟ್ಟಿನ ತುದಿ ಸದಾ ಒಂದೇ ತ್ರಿಜ್ಯದಲ್ಲಿ ಸುತ್ತುವುದರಿಂದ ಈ ರಂಧ್ರದಲ್ಲಿ ಟೇಪರ್ ಬರುವುದೇ ಇಲ್ಲ, ಮತ್ತು ಅದು ಕ್ಯಾರೇಜಿನ ಚಲನೆಗೆ ಸಮಾನಾಂತರವಾಗಿಯೇ ಇರುತ್ತದೆ. ಟೈಲ್‌ಸ್ಟಾಕಿನ (ಲೇತಿನ ಇನ್ನೊಂದು ತುದಿಯ ಆಸರೆಯ) ಎತ್ತರದಲ್ಲಿ ದೋಷವಿದ್ದರೆ ಅದರ ಪ್ರಭಾವ ಕಡಿಮೆಯಾಗಲಿ ಎಂದು ಬಿಟ್ಟನ್ನು ಸ್ಪಿಂಡಲ್ ಇರುವ ಹೆಡ್‌ಸ್ಟಾಕಿನ ಹತ್ತಿರದಲ್ಲಿಟ್ಟುಕೊಳ್ಳಿ.

ರಂಧ್ರದ ಅಳತೆಯನ್ನು ಹೊರಗಿನಿಂದಲೇ ತಿಳಿಯಬಹುದು. ಬಿಟ್ಟಿನ ತುದಿಯಿಂದ ಬಾರಿನ ಎದುರು ಮೈವರೆಗೆ ಮೈಕ್ರೋಮೀಟರ್ ಹಿಡಿಯಿರಿ: ಬಾರಿನ ಅರ್ಧ 12.50, ರಂಧ್ರದ ಅರ್ಧ 22.50, ಒಟ್ಟು 35.00 ಮಿ.ಮೀ. ಬಂದರೆ ರಂಧ್ರ 45ಕ್ಕೆ ಬರುತ್ತದೆ. ಬಿಟ್ಟನ್ನು 0.01 ಹೊರಗೆಳೆದರೆ ರಂಧ್ರ 0.02 ಹೆಚ್ಚುತ್ತದೆ. ಅಳತೆ ಮುಟ್ಟಿದ ಮೇಲೆ ದಿಮ್ಮಿಯ ಒಂದು ಬದಿಯನ್ನು ಸೀಳಿ, 8 ಮಿ.ಮೀ. ಬೋಲ್ಟಿನಿಂದ ಬಿಗಿಯುವಂತೆ ಮಾಡಿ. ತಳ ಅದೇ ಆಗಿರುವುದರಿಂದ, ಪೀಠವನ್ನು 90 ಡಿಗ್ರಿ ತಿರುಗಿಸಿ ಅಡ್ಡ ರಂಧ್ರಗಳಿಗೆ ನಿಲ್ಲಿಸಿದಾಗಲೂ ಎತ್ತರ ಬದಲಾಗುವುದಿಲ್ಲ. ನಿಮ್ಮ ಲೇತಿಗೆ ಬೋರ್ ಮಾಡಿದ ಪೀಠ ನಿಮ್ಮ ಲೇತಿಗೆ ಮಾತ್ರ ಸರಿ; ಅಂಗಡಿಯಿಂದ ಕೊಂಡ ಯಾವ ಪೀಠವೂ ಇಷ್ಟು ನಿಖರವಾಗಿ ಕೂರಲಾರದು.

ಮೋಟಾರಿನ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ಚಿಂತಿಸುತ್ತಾರೆ. ಮೈಲ್ಡ್ ಸ್ಟೀಲಿನಲ್ಲಿ 3 ಮಿ.ಮೀ. ರಂಧ್ರಕ್ಕೆ 50-60 ವ್ಯಾಟ್, 6 ಮಿ.ಮೀ. ರಂಧ್ರಕ್ಕೆ 150 ವ್ಯಾಟಿನ ಆಸುಪಾಸು ಬೇಕಾಗುತ್ತದೆ, ಅಷ್ಟೇ. ವೇಗದ ಲೆಕ್ಕ ಮುಖ್ಯ. ಮೈಲ್ಡ್ ಸ್ಟೀಲಿಗೆ ಹೈಸ್ಪೀಡ್ ಸ್ಟೀಲ್ ಬಿಟ್ಟಿನಿಂದ ನಿಮಿಷಕ್ಕೆ 25 ಮೀಟರ್ ಕಟಿಂಗ್ ವೇಗ ಇಟ್ಟುಕೊಂಡರೆ, 3 ಮಿ.ಮೀ. ಬಿಟ್ಟು ನಿಮಿಷಕ್ಕೆ ಸುಮಾರು 2,650 ಸುತ್ತು, 2 ಮಿ.ಮೀ. ಬಿಟ್ಟು ಸುಮಾರು 4,000 ಸುತ್ತು ತಿರುಗಬೇಕು. ಹಿತ್ತಾಳೆಗೆ ಇದರ ಎರಡರಷ್ಟಾದರೂ ನಡೆಯುತ್ತದೆ. ಹೊಲಿಗೆ ಯಂತ್ರದ ಮೋಟಾರನ್ನು ಹಲವರು ಬಳಸುತ್ತಾರೆ. ಅದು ಹಗುರ, ಅಗ್ಗ. ಆದರೆ ವೇಗ ಇಳಿಸಿದಾಗ ಬಲ ಉಡುಗುತ್ತದೆ, ಮೇಲಾಗಿ ಲೋಹದ ಚೂರು ಮತ್ತು ಎಣ್ಣೆ ಹಾರುವ ಜಾಗಕ್ಕೆ 230 ವೋಲ್ಟ್ ತಂತಿಯನ್ನು ಎಳೆದುತರುವುದು ನನಗೆ ಒಪ್ಪಿಗೆಯಿಲ್ಲ. ವಿದ್ಯುತ್ ಸೈಕಲಿಗೆ ಬಳಸುವ 24 ವೋಲ್ಟ್, 250 ವ್ಯಾಟ್, 2,650 ಸುತ್ತಿನ ಡಿಸಿ ಮೋಟಾರ್ ಉತ್ತಮ. ಸಮ ರಾಟೆ ಹಾಕಿದರೆ ಅದೇ ವೇಗ, ಒಂದಕ್ಕೆರಡು ಹಾಕಿದರೆ 5,300. ನಡುವಿನದಕ್ಕೆ ವೇಗ ನಿಯಂತ್ರಕ ಇದೆ. ವಿದ್ಯುತ್ ಪೂರೈಕೆ ಕನಿಷ್ಠ 15 ಆಂಪಿಯರಿನದಾಗಿರಲಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇಂಥ ಸಾಮಾನೆಲ್ಲ ಸಿಗುತ್ತದೆ. ಬೆಲ್ಟಿಗೆ 5 ಅಥವಾ 6 ಮಿ.ಮೀ.ಯ ದುಂಡು ಪಾಲಿಯುರೆಥೇನ್ ಹುರಿ ಸಾಕು. ಬೇಕಾದ ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಬಿಸಿ ಮಾಡಿ ಬೆಸೆಯಬಹುದು. ಹಲ್ಲಿನ ಬೆಲ್ಟ್ ಬೇಡ. ಬಿಟ್ಟು ಸಿಕ್ಕಿಕೊಂಡಾಗ ದುಂಡು ಬೆಲ್ಟ್ ಜಾರುತ್ತದೆ, ಬಿಟ್ಟು ಉಳಿಯುತ್ತದೆ.

ಕೋನಕ್ಕೆ ಲೇತಿನ ಚೇಂಜ್ ಗೇರುಗಳೇ (ತ್ರೆಡ್ ಕಡೆಯುವಾಗ ಬದಲಿಸುವ ಹಲ್ಲುಚಕ್ರಗಳೇ) ಸಾಕು. 60 ಹಲ್ಲಿನ ಗೇರನ್ನು ಲೇತ್ ಸ್ಪಿಂಡಲಿನ ಹಿಂತುದಿಗೆ, ರಂಧ್ರದೊಳಗೆ ಹಿಗ್ಗುವ ಬೆಣೆಯಿಂದ ಬಿಗಿದು, ಹಲ್ಲಿನ ಸಂದಿಗೆ ಕೂರುವ ಮೊನೆಯ ಪಿನ್ನನ್ನು ಹೆಡ್‌ಸ್ಟಾಕಿಗೆ ಜೋಡಿಸಿದರೆ 2, 3, 4, 5, 6, 10, 12, 15, 20, 30 ಭಾಗಗಳು ದೊರೆಯುತ್ತವೆ. ಏಳು ಭಾಗ ಬೇಕಾದಾಗ 35 ಹಲ್ಲಿನ ಗೇರ್, ಹನ್ನೊಂದಕ್ಕೆ 55 ಹಲ್ಲಿನದು. ಪಿನ್ನಿನ ಸಡಿಲಕ್ಕೆ ಮಾತ್ರ ಅವಕಾಶ ಕೊಡಬೇಡಿ. ಒಂದನೇ ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) 60 ಹಲ್ಲಿನ ಗೇರಿನ ತ್ರಿಜ್ಯ 30 ಮಿ.ಮೀ.; ಅಲ್ಲಿ 0.05 ಸಡಿಲವಿದ್ದರೆ ನಮ್ಮ ಮುಚ್ಚಳದ 20 ಮಿ.ಮೀ. ತ್ರಿಜ್ಯದಲ್ಲಿ ಸುಮಾರು 0.03 ತಪ್ಪಾಗುತ್ತದೆ. ಜಾಬ್ ಗೇರಿಗಿಂತ ದೊಡ್ಡದಾದರೆ ತಪ್ಪೂ ದೊಡ್ಡದಾಗುತ್ತದೆ. ಪಿನ್ನಿನ ಮೊನೆಯನ್ನು ಓರೆಯಾಗಿ ಮಾಡಿ, ಸ್ಪ್ರಿಂಗಿನಿಂದ ಸಂದಿಗೆ ಒತ್ತಿಸಿದರೆ ಸಡಿಲ ಉಳಿಯುವುದಿಲ್ಲ. ಗೇರ್ ಬಿಗಿದಿರುವಾಗ ಲೇತಿನ ಮುಖ್ಯ ಮೋಟಾರ್ ಅಪ್ಪಿತಪ್ಪಿಯೂ ಚಾಲೂ ಆಗಬಾರದು. ಆದ್ದರಿಂದ ಸ್ವಿಚ್ಚನ್ನು ನಂಬದೆ ಪ್ಲಗ್ಗನ್ನೇ ಕಿತ್ತಿಡಿ.

ಬಳಸುವಾಗಿನ ಎರಡು ಮಾತು. ಇಆರ್ ಕಾಲೆಟನ್ನು ಮೊದಲು ನಟ್ಟಿನೊಳಗೆ ಓರೆಯಾಗಿ ಒತ್ತಿ ಕ್ಲಿಕ್ಕೆನ್ನುವಂತೆ ಕೂರಿಸಿ, ಆಮೇಲೆ ನಟ್ಟನ್ನು ಹೋಲ್ಡರಿಗೆ ಹಾಕಬೇಕು. ಕಾಲೆಟನ್ನು ಹೋಲ್ಡರಿನಲ್ಲಿಟ್ಟು ಮೇಲೆ ನಟ್ ತಿರುಗಿಸಿದರೆ ಅದು ಸೊಟ್ಟಗೆ ಕೂತು ತೊನೆಯುತ್ತದೆ, ಬಿಚ್ಚುವಾಗ ಹೊರಬರುವುದೂ ಇಲ್ಲ. ನೇರವಾಗಿ ಕೂತಿದೆಯೇ ಎಂದು ನೋಡಲು ನೆಲೆಗೊಳಿಸುವ ಉಕ್ಕಿನ ಪಿನ್ನೊಂದನ್ನು ಹಿಡಿದು, ಕೈಯಿಂದ ತಿರುಗಿಸುತ್ತ ಡಯಲ್ ಗೇಜಿನಲ್ಲಿ ಓದಿ. ಕಾಲೆಟ್ಟಿನ ಬಾಯಿಯ ಬಳಿ 0.02 ಮಿ.ಮೀ. ಒಳಗಿದ್ದರೆ ಮನೆಯ ಕೆಲಸಕ್ಕೆ ತಕ್ಕುದು. ಎರಡನೆಯದು ಬಿಟ್ಟಿನ ಉದ್ದ. ಸಾಮಾನ್ಯ 2 ಮಿ.ಮೀ. ಬಿಟ್ಟು 49 ಮಿ.ಮೀ. ಉದ್ದವಿರುತ್ತದೆ, ಗಿಡ್ಡ ಜಾತಿಯದು 38. ಪಂಚ್ ಗುರುತಿಲ್ಲದ ಮೈಮೇಲೆ ಇಳಿಯುವಾಗ ಉದ್ದನೆಯದು ಅಲೆದಾಡುತ್ತದೆ. ಗಿಡ್ಡ ಬಿಟ್ಟಿನಿಂದ ಅಥವಾ ಸ್ಪಾಟಿಂಗ್ ಬಿಟ್ಟಿನಿಂದ ಆರಂಭ ಮಾಡಿಕೊಂಡರೆ, ಆಮೇಲೆ ಯಾವುದನ್ನು ಇಳಿಸಿದರೂ ಅದೇ ಜಾಗದಲ್ಲಿ ಹೋಗುತ್ತದೆ.

ಉಪನ್ಯಾಸದ ಬಳಿಕ ಸಭಿಕರೊಬ್ಬರು, ಇದೇ ಸ್ಪಿಂಡಲಿನಿಂದ ಮಿಲ್ಲಿಂಗ್ ಮತ್ತು ಗ್ರೈಂಡಿಂಗ್ ಮಾಡಬಹುದೇ ಎಂದು ಕೇಳಿದರು. ಗಡಿಯಾರದ ಹಿತ್ತಾಳೆ ಚಕ್ರಗಳಿಗೆ ಒಂದೇ ಮೊನೆಯ ಫ್ಲೈ ಕಟರಿನಿಂದ ಹಲ್ಲು ಕತ್ತರಿಸಲು ಇದು ಚೆನ್ನಾಗಿ ಒದಗುತ್ತದೆ. 3 ಮಿ.ಮೀ. ಎಂಡ್ ಮಿಲ್ಲಿನಿಂದ ಅಲ್ಯೂಮಿನಿಯಂ ಮತ್ತು ಹಿತ್ತಾಳೆಯಲ್ಲಿ ಹಗುರವಾದ ತೋಡು ಕೊರೆಯಬಹುದು. ಆಗ ಸ್ಲೈಡಿನ ಸಡಿಲ ತೆಗೆಯುವ ಜಿಬ್ಬು ಪಟ್ಟಿಗಳನ್ನು ತುಸು ಬಿಗಿಗೊಳಿಸಿ, ಒಮ್ಮೆಗೆ 0.2 ಮಿ.ಮೀ.ಗಿಂತ ಆಳಕ್ಕೆ ಹೋಗದಿರುವುದು ಒಳ್ಳೆಯದು. ಉಕ್ಕಿನಲ್ಲಿ ಮಿಲ್ಲಿಂಗ್ ಮಾಡಲು 12 ಮಿ.ಮೀ. ಶಾಫ್ಟ್ ಸಾಲದು, ಅದಕ್ಕೆ ಇಆರ್-16 ಕಾಲೆಟ್ಟೂ ಇನ್ನಷ್ಟು ದಪ್ಪ ಶಾಫ್ಟೂ ಬೇಕು. ಗ್ರೈಂಡಿಂಗಿಗೆ 5,300 ಸುತ್ತು ಸಣ್ಣ ಕಲ್ಲುಗಳಿಗೆ ತೀರ ಕಡಿಮೆ, ಮತ್ತು ಕಲ್ಲಿನ ಪುಡಿ ಕ್ಯಾರೇಜ್ ಜಾರುವ ಲೇತಿನ ಹಾಸಿನ ಮೇಲೆ ಬಿದ್ದು ಎಣ್ಣೆಯೊಡನೆ ಬೆರೆತರೆ ಹಾಸನ್ನೇ ಉಜ್ಜಿ ತಿನ್ನುತ್ತದೆ. ಮಾಡಲೇಬೇಕಾದ ಸಂದರ್ಭ ಬಂದರೆ ಹಾಸನ್ನು ಒದ್ದೆ ಕಾಗದದಿಂದ ಪೂರ್ತಿ ಮುಚ್ಚಿ, ಕೆಲಸ ಮುಗಿದ ಕೂಡಲೇ ಕಾಗದವನ್ನು ಪುಡಿಸಮೇತ ಮಡಿಸಿ ತೆಗೆದು, ಹಾಸನ್ನು ಒರೆಸಿ ಹೊಸ ಎಣ್ಣೆ ಹಾಕಿದ ನಂತರವೇ ಕ್ಯಾರೇಜನ್ನು ಅಲುಗಿಸಬೇಕು ಎಂದು ಅವರಿಗೆ ಉತ್ತರಿಸಿದೆ.